ಯೀಹಾ ಅಂದರೆ ಏನು? ಟೆಕ್ಸಾಸ್‌ನವರು ನಿಜಕ್ಕೂ ಹಾಗೆ ಕೂಗುತ್ತಾರಾ?

ಹೂಸ್ಟನ್ ಅಮ್ಮ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಪೆದ್ದು ಅನ್ನಿಸಬಹುದು, ನಗಬೇಡಿ. ನಾವು ಹೂಸ್ಟನ್‌ಗೆ ಬಂದು ಎಂಟು ತಿಂಗಳಾಯಿತು. ಮಗನ ಶಾಲೆಯಿಂದ ಒಂದು ಚೀಟಿ ಬಂದಿದೆ. ಬರುವ ಶುಕ್ರವಾರ 'ಗೋ ಟೆಕ್ಸನ್ ಡೇ', ಮಕ್ಕಳು ಕೌಬಾಯ್ ಟೋಪಿ, ಬೂಟು, ಚೌಕಳಿ ಅಂಗಿ ಹಾಕಿಕೊಂಡು ಬರಬೇಕು ಅಂತ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ಯೀಹಾ!' ಅಂತ ಇದೆ. ಸರಿ, ಖುಷಿಗೆ ಹೇಳುವ ಮಾತು, ಅಷ್ಟು ಗೊತ್ತಾಯಿತು. ಆದರೆ ಅದೇ ದಿನ ಆಫೀಸಿನ ಗುಂಪಿನಲ್ಲಿ ಮ್ಯಾನೇಜರ್ 'ಶನಿವಾರವೂ ಕೆಲಸ ಇದೆ' ಅಂತ ಮೆಸೇಜ್ ಹಾಕಿದಾಗ ಪಕ್ಕದ ಟೀಮಿನವನೊಬ್ಬ 'ಯೀಹಾ.' ಅಂತ ಹಾಕಿದ. ಮುಂದೆ ಬರೀ ಒಂದು ಚುಕ್ಕಿ. ಇವನಿಗೆ ಎಷ್ಟು ಉತ್ಸಾಹ ನೋಡು ಅಂದುಕೊಂಡು ನಾನು ಹೆಬ್ಬೆರಳು ಎತ್ತಿದೆ. ಆಮೇಲೆ ನೋಡಿದರೆ ಉಳಿದವರೆಲ್ಲ ಅದಕ್ಕೆ ಅಳುವ ಮುಖ ಹಾಕಿದ್ದಾರೆ.

ಹಾಗಾದರೆ ಇದರ ಅರ್ಥ ಏನು? ಇಲ್ಲಿನವರು ನಿಜಕ್ಕೂ ಹೀಗೆ ಕೂಗುತ್ತಾರಾ, ಸಿನಿಮಾದಲ್ಲಿ ಮಾತ್ರವಾ? ನಮ್ಮಂಥವರು ಕೂಗಿದರೆ ಅಣಕ ಮಾಡಿದ ಹಾಗೆ ಆಗುತ್ತದಾ?

ಡಲ್ಲಾಸ್ ಹಳಬ
ನಗುವುದಿಲ್ಲ ಮೇಡಂ, ಬಂದ ಹೊಸತರಲ್ಲಿ ನಾನೂ ಹೀಗೇ ಒದ್ದಾಡಿದ್ದೆ. ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಕಂಡದ್ದು ಹೇಳುತ್ತೇನೆ.

ಅರ್ಥ ದನಿಯಲ್ಲಿದೆ. ಗಂಟಲು ಬಿಟ್ಟು, 'ಹಾ' ಎಳೆದು ಕೂಗಿದರೆ ಖುಷಿ. ಮುಖದಲ್ಲಿ ಏನೂ ತೋರಿಸದೆ ಮೆಲ್ಲಗೆ 'ಯೀಹಾ' ಅಂದರೆ, ನಾವು 'ಆಹಾ, ಎಂಥಾ ಭಾಗ್ಯ' ಅನ್ನುತ್ತೇವಲ್ಲ, ಅದು. ನಿಮ್ಮ ಆಫೀಸಿನವನದು ಆ ಎರಡನೇ ಜಾತಿ. ಆ ಚುಕ್ಕಿಯೇ ಸುಳಿವು.

ಇನ್ನು ಟೆಕ್ಸಾಸ್‌ನವರು ದಿನಾ ಕೂಗುತ್ತಾರಾ ಅಂದರೆ, ಇಲ್ಲ. ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಒಬ್ಬನೂ ಹಾಗೆ ಕೂಗಿದ್ದು ನಾನು ಕೇಳಿಲ್ಲ. ಕೇಳುವುದು ರೋಡಿಯೋದಲ್ಲಿ (ಹೋರಿ, ಕುದುರೆ ಸವಾರಿಯ ಕೌಬಾಯ್ ಪಂದ್ಯ), ಕಂಟ್ರಿ ಸಂಗೀತದ ಕಚೇರಿಯಲ್ಲಿ, ಕುಣಿತದ ಹಾಲ್‌ನಲ್ಲಿ, ಮದುವೆಯಲ್ಲಿ ಎರಡು ಸುತ್ತು ಒಳಗೆ ಹೋದ ಮೇಲೆ. ಅಲ್ಲೂ ಅರ್ಧ ತಮಾಷೆ ಇರುತ್ತದೆ, 'ನೋಡಿ ನಾನು ಎಷ್ಟು ಟೆಕ್ಸಾಸ್' ಅಂತ ತಮ್ಮನ್ನೇ ಸ್ವಲ್ಪ ಆಡಿಕೊಂಡು ಕೂಗುವುದು. ನೀವು ಕೂಗಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇರೆಯವರು ಮಾತಾಡುವ ರೀತಿಗೆ ಉತ್ತರವಾಗಿ ಮಾತ್ರ 'ಯೀಹಾ' ಅನ್ನಬೇಡಿ. ಅವರ ಹಳ್ಳಿ ಉಚ್ಚಾರಕ್ಕೆ ನಕ್ಕ ಹಾಗೆ ಕೇಳಿಸುತ್ತದೆ. ಮಂಡ್ಯದವನ ಮುಂದೆ 'ಏನ್ಲಾ' ಅಂತ ಶೋಕಿಗೆ ಅಂದರೆ ಹೇಗಿರುತ್ತದೆ, ಹಾಗೆ.

ಸಬ್‌ಟೈಟಲ್ ಸುಬ್ಬಿ
ನಾನು ಡಬ್ಬಿಂಗಿಗೆ ಮಾತು ಬರೆಯುವವಳು, ಈ ಪದ ನನ್ನ ಪ್ರಾಣ ತಿಂದಿದೆ. ಮೊದಲು ಉಚ್ಚಾರ ಹೇಳಿಬಿಡುತ್ತೇನೆ. ಒತ್ತು ಬೀಳುವುದು 'ಯೀ' ಮೇಲಲ್ಲ, 'ಹಾ' ಮೇಲೆ. ಅದು ನಮ್ಮ ಶುದ್ಧ 'ಹಾ' ಕೂಡ ಅಲ್ಲ. ಬಾಯಿ ಸ್ವಲ್ಪ ದುಂಡಗೆ ಮಾಡಬೇಕು. ಡಾಕ್ಟರ್, ಕಾಫಿ ಅಂತ ಬರೆದು ಓದುವಾಗ ಕೆಲವರು ಆ ಸ್ವರವನ್ನು ಒಂಚೂರು 'ಓ' ಕಡೆಗೆ ತಿರುಗಿಸುತ್ತಾರಲ್ಲ, ಅದೇ. ಬರೆಯುವಾಗ 'ಯೀಹಾ' ಸಾಕು. 'ಯೀಹೌ' ಅಂತ ಬರೆದಿದ್ದನ್ನೂ ನೋಡಿದ್ದೇನೆ, ಅದು ಅಕ್ಷರ ನೋಡಿ ಮಾಡಿದ ತಪ್ಪು.

ಅರ್ಥಕ್ಕೆ ಆಮೇಲೆ ಬರುತ್ತೇನೆ. ಈಗ ಒಲೆ ಮೇಲೆ ಸಾರು ಇದೆ.

ಎಡಗೋಲು ಎತ್ತು
ಇದರ ಮೂಲ ಸುಲಭ ಅಲ್ವಾ? ಅಮೆರಿಕದಲ್ಲಿ ನೇಗಿಲು, ಗಾಡಿ ಎಳೆಯುವ ಎತ್ತು ಕುದುರೆಗಳಿಗೆ ಎರಡು ಆಜ್ಞೆ ಇದ್ದವು. 'ಜೀ' ಅಂದರೆ ಬಲಕ್ಕೆ ತಿರುಗು, 'ಹಾ' ಅಂದರೆ ಎಡಕ್ಕೆ ತಿರುಗು. ಇವತ್ತಿಗೂ ಅಲಾಸ್ಕಾದಲ್ಲಿ ಹಿಮದ ಮೇಲೆ ಬಂಡಿ ಎಳೆಯುವ ನಾಯಿಗಳಿಗೆ ಇವೇ ಎರಡು ಮಾತು. ಜೀ-ಹಾ, ಯೀ-ಹಾ. ಮುಗಿಯಿತು. ನಮ್ಮಜ್ಜನೂ ಎಡಗೋಲಿನ ಎತ್ತಿಗೆ ಒಂದು ಥರ, ಬಲಗೋಲಿನದಕ್ಕೆ ಒಂದು ಥರ ಸದ್ದು ಮಾಡುತ್ತಿದ್ದರು. ಎತ್ತಿಗೆ ವ್ಯಾಕರಣ ಬೇಕಿಲ್ಲ, ಸದ್ದು ಸಾಕು.

ಮೇಷ್ಟ್ರಲ್ಲದ ಮೇಷ್ಟ್ರು
ಜೀ, ಹಾ ಎರಡೂ ನಿಜ. ಆದರೆ ಮುಗಿಯಿತು ಅನ್ನಬೇಡಿ ಎತ್ತಿನವರೇ. ಬಲಕ್ಕೆ, ಎಡಕ್ಕೆ ಅನ್ನುವ ಎರಡು ಆಜ್ಞೆಯನ್ನು ಒಟ್ಟಿಗೆ ಕೂಗಿದರೆ ಪಾಪ ಎತ್ತು ಎಲ್ಲಿಗೆ ಹೋಗಬೇಕು? ಅದೂ ಅಲ್ಲದೆ ಅವು ಉಳುವವನ ಮಾತು, ಗಾಡಿ ಹೊಡೆಯುವವನ ಮಾತು. ಕೌಬಾಯ್ ನೇಗಿಲು ಹಿಡಿದವನಲ್ಲ. ನೇಗಿಲು ಹಿಡಿದವನನ್ನು ಕಂಡರೆ ಅವನಿಗೆ ಆಗುತ್ತಲೂ ಇರಲಿಲ್ಲ. ಸದ್ದು ಹತ್ತಿರ ಇದೆ ಅಂತ ನೆಂಟಸ್ತನ ಕಟ್ಟಬಾರದು.

ನನ್ನ ಅನುಮಾನ ಬೇರೆಯೇ ಇದೆ. ಆ ಕಾಲದ ಕೌಬಾಯ್‌ಗೆ ಹೀಗೆ ಕೂಗುವುದು ಬಹಳ ಸಲ ಅಪಾಯವೇ ಆಗಿತ್ತು. 1867ರಲ್ಲಿ ಕ್ಯಾನ್ಸಸ್‌ನ ಆಬಿಲೀನ್ ಅನ್ನುವ ರೈಲು ಊರಿನಲ್ಲಿ ದನದ ದೊಡ್ಡಿ ಕಟ್ಟಿದರು. ಟೆಕ್ಸಾಸ್‌ನಿಂದ ಚಿಸಮ್ ದಾರಿಯಲ್ಲಿ ದನಗಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಬೇಕು. ಒಂದು ಮಂದೆಯಲ್ಲಿ ಎರಡು ಮೂರು ಸಾವಿರ ದನ, ಜೊತೆಗೆ ಹನ್ನೆರಡು ಹದಿನೈದು ಜನ. ದಿನಕ್ಕೆ ಹತ್ತು ಹದಿನೈದು ಮೈಲಿ, ಎರಡು ಮೂರು ತಿಂಗಳ ಪಯಣ, ತಿಂಗಳಿಗೆ ಮೂವತ್ತು ನಲವತ್ತು ಡಾಲರ್ ಸಂಬಳ. ದನ ಜಾಸ್ತಿ ಓಡಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಧಣಿಗೆ ನಷ್ಟ. ರಾತ್ರಿ ಅಂತೂ ಒಂದು ಗುಡುಗು, ಒಂದು ಪಾತ್ರೆ ಬಿದ್ದ ಸದ್ದು ಸಾಕು, ಇಡೀ ಮಂದೆ ಬೆದರಿ ಎದ್ದು ಓಡುತ್ತಿತ್ತು, ಎದುರಿಗೆ ಸಿಕ್ಕವನು ಸತ್ತ. ಅದಕ್ಕೇ ರಾತ್ರಿ ಕಾವಲಿನವರು ಕುದುರೆ ಮೇಲೆ ಸುತ್ತು ಹಾಕುತ್ತಾ ಮೆಲ್ಲಗೆ ಹಾಡು ಹೇಳುತ್ತಿದ್ದರು. ಲಾಲಿ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ನಿಂತು ಒಬ್ಬ 'ಯೀಹಾ' ಅಂತ ಕಿರುಚಿದರೆ ಬೆಳಿಗ್ಗೆ ಅವನಿಗೆ ಕೆಲಸ ಇರುತ್ತಿರಲಿಲ್ಲ.

ಹಗಲು ದನ ಅಟ್ಟುವಾಗ ಕೂಗುತ್ತಿದ್ದರು, ಸಿಳ್ಳೆ ಹಾಕುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಹಳೆಯ ಹಾಡುಗಳ ಪಲ್ಲವಿಯಲ್ಲಿ ಉಳಿದಿರುವುದು 'ಯಿಪ್ಪಿ', 'ವೂಪೀ', 'ಟಿ ಯಿ ಯೋ' ಈ ಥರದವು. ಯೀಹಾ ದೊಡ್ಡದಾಗಿದ್ದು ಆಟದ ಬಯಲಲ್ಲಿ, ವೇದಿಕೆಯಲ್ಲಿ, ಪರದೆಯಲ್ಲಿ. 1883ರಲ್ಲೇ ಬಫಲೋ ಬಿಲ್ ಕೌಬಾಯ್ ಬದುಕನ್ನು ಟಿಕೆಟ್ ಇಟ್ಟು ತೋರಿಸಲು ಶುರು ಮಾಡಿದ. ಆಗ ನಿಜವಾದ ದನದ ದಾರಿಗಳು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಮುಳ್ಳುತಂತಿ ಬೇಲಿಯೂ ರೈಲೂ ಸೇರಿ ಅವನ್ನು ಮುಗಿಸುತ್ತಿದ್ದ ಕಾಲ ಅದು. ಕೆಲಸ ಹೋಯಿತು, ವೇಷ ಉಳಿಯಿತು. ವೇಷಕ್ಕೆ ತಕ್ಕ ಕೂಗು ಬೇಕಲ್ಲ?

ಎಡಗೋಲು ಎತ್ತು
ಒಪ್ಪಿದೆ ಮೇಷ್ಟ್ರೇ, ಎತ್ತು ಕಟ್ಟಿಹಾಕಿದೆ.

ಕಟ್ಟೆ ರಾಯರು
ನಮ್ಮ ಕಾಲದವರಿಗೆ ಯೀಹಾ ಗೊತ್ತಿಲ್ಲ, 'ಯಾಹೂ' ಗೊತ್ತು! 1961, 'ಜಂಗ್ಲಿ', ಹಿಮದಲ್ಲಿ ಜಾರುವ ಶಮ್ಮಿ ಕಪೂರ್. ಒಂದು ವಿಷಯ ಎಷ್ಟು ಜನರಿಗೆ ಗೊತ್ತೋ, ಆ ಹಾಡು ಹೇಳಿದ್ದು ರಫಿ ಸಾಹೇಬರು, ಆದರೆ 'ಯಾಹೂ' ಅಂತ ಕೂಗಿದ್ದು ಅವರಲ್ಲ, ಪ್ರಯಾಗ್ ರಾಜ್ ಅನ್ನುವವರು. ಕೂಗಿಗೇ ಒಬ್ಬ ಬೇರೆ ಕಲಾವಿದ ಬೇಕಾಯಿತು ನೋಡಿ.

ಮೇಷ್ಟ್ರಲ್ಲದ ಮೇಷ್ಟ್ರು
ರಾಯರೇ, ಚೆನ್ನಾಗಿ ನೆನಪಿಸಿದಿರಿ. ಆ ಪದಕ್ಕೆ ಇನ್ನೊಂದು ಮುಖ ಇದೆ. 1726ರಲ್ಲಿ ಬಂದ ಗಲಿವರನ ಪ್ರವಾಸದ ಕಥೆಯಲ್ಲಿ 'ಯಾಹೂ' ಅಂದರೆ ಮನುಷ್ಯನ ರೂಪದ ಕೊಳಕು ಪ್ರಾಣಿಗಳು. ಆಮೇಲೆ ಇಂಗ್ಲಿಷಿನಲ್ಲಿ ಅದು ಒರಟನಿಗೆ, ಗಮಾರನಿಗೆ ಬೈಗುಳ ಆಯಿತು. ಬೈಗುಳವೂ ಖುಷಿಯ ಕೂಗೂ ಒಂದೇ ಸದ್ದಿನಲ್ಲಿ ನಿಂತಿವೆ.

ಕಾಲೇಜ್ ಸ್ಟೇಷನ್ ಹುಡುಗ
ನಾನು ಎಂಎಸ್ ಮಾಡುತ್ತಿರುವುದು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ. ಇಲ್ಲಿ ಯೀಹಾಗೆ ಜಾಗ ಕಡಿಮೆ, 'ವೂಪ್!' ರಾಜ. ಫುಟ್‌ಬಾಲ್ ಪಂದ್ಯ, ಪದವಿ ಸಮಾರಂಭ, ಕ್ಲಾಸ್ ಮುಗಿದ ಖುಷಿ, ಎಲ್ಲದಕ್ಕೂ ವೂಪ್. ತಮಾಷೆ ಏನೆಂದರೆ ಅದಕ್ಕೂ ನಿಯಮ ಇದೆ. ಸಂಪ್ರದಾಯದ ಪ್ರಕಾರ ಮೂರನೇ, ನಾಲ್ಕನೇ ವರ್ಷದವರಿಗೆ ಮಾತ್ರ ಆ ಕೂಗಿನ ಹಕ್ಕು. ಮೊದಲ ವರ್ಷದವನು ಕೂಗಿದರೆ ಹಿರಿಯರು ತಿರುಗಿ ನೋಡುತ್ತಾರೆ. ಖುಷಿಪಡುವುದಕ್ಕೂ ಸೀನಿಯಾರಿಟಿ! ಆದ್ದರಿಂದ ಅಕ್ಕ, ಟೆಕ್ಸಾಸ್ ಅಂದ ತಕ್ಷಣ ಯೀಹಾ ಅನ್ನುವುದು ಹೊರಗಿನವರ ಕಲ್ಪನೆ ಜಾಸ್ತಿ ಅಂತ ನನಗನ್ನಿಸುತ್ತದೆ.

ಡಲ್ಲಾಸ್ ಹಳಬ
ತಮ್ಮ, ಅದು ಪೂರ್ತಿ ಸರಿಯಲ್ಲ. ಹೊರಗಿನವರು ಕಟ್ಟಿದ ಚಿತ್ರವನ್ನು ಇವರೇ ಪ್ರೀತಿಯಿಂದ ಹಾಕಿಕೊಂಡಿದ್ದಾರೆ. ಹೂಸ್ಟನ್ ರೋಡಿಯೋನೇ ನೋಡು. 1932ರಲ್ಲಿ ದನಗಳ ಪ್ರದರ್ಶನವಾಗಿ ಶುರುವಾದದ್ದು. 1952ರಿಂದ ಪ್ರತಿ ವರ್ಷ ಜನ ಕುದುರೆ, ಕಮಾನು ಬಂಡಿ ಹತ್ತಿ ದಿನಗಟ್ಟಲೆ ಪಯಣ ಮಾಡಿ ಊರಿಗೆ ಬರುತ್ತಾರೆ. ಹೆದ್ದಾರಿ ಪಕ್ಕದಲ್ಲಿ ಬಂಡಿ, ಹಿಂದೆ ಪೊಲೀಸ್ ಕಾರು. ಅವರೆಲ್ಲ ಬಂದು ಸೇರುವ ಶುಕ್ರವಾರವೇ ಗೋ ಟೆಕ್ಸನ್ ಡೇ. ಆ ದಿನ ಬ್ಯಾಂಕಿನ ಆಫೀಸರ್ ಕೂಡ ಬೂಟು ಹಾಕಿರುತ್ತಾನೆ. ಅವತ್ತು ಯೀಹಾ ಅಂದರೆ ಯುಗಾದಿಗೆ 'ಶುಭಾಶಯ' ಅಂದಷ್ಟೇ ಸಹಜ. ಮಾರನೇ ದಿನ ಅಂದರೆ ಏನಪ್ಪಾ ಇವನಿಗಾಯಿತು ಅನ್ನುತ್ತಾರೆ.

ಗಡಿಯಾಚೆ
ಎಲ್ಲರೂ ಒಂದು ಮುಖ್ಯ ವಿಷಯ ಬಿಟ್ಟಿರಿ. ಕೌಬಾಯ್ ಕಸುಬು ಬಂದದ್ದೇ ಮೆಕ್ಸಿಕೋದಿಂದ. ಅಲ್ಲಿ ದನ ಕಾಯುವವನು 'ವಾಕೆರೋ'. ಅದೇ ಇಂಗ್ಲಿಷರ ಬಾಯಲ್ಲಿ 'ಬಕರೂ' ಆಯಿತು. ರ‍್ಯಾಂಚ್, ರೋಡಿಯೋ, ದನ ಹಿಡಿಯುವ ಹಗ್ಗಕ್ಕೆ ಹೇಳುವ ಲಾರಿಯಟ್, ಎಲ್ಲ ಸ್ಪ್ಯಾನಿಷ್. ಹಗ್ಗ ಬೀಸಿ ಹಿಡಿಯುವುದನ್ನೂ ಇವರು ಅವರಿಂದಲೇ ಕಲಿತದ್ದು. ಹಾಗಿದ್ದಾಗ ಕೂಗು ಮಾತ್ರ ಸ್ವಂತದ್ದು ಅಂತ ನಂಬುವುದು ಕಷ್ಟ. ಮೆಕ್ಸಿಕನ್ನರಿಗೆ 'ಗ್ರಿತೋ' ಅಂತ ಇದೆ. ಮಾರಿಯಾಚಿ ಹಾಡಿನ ನಡುವೆ ಎದೆಯಿಂದ ಎದ್ದು ಬರುವ 'ಆಯ್ ಯಯ್ ಯಾಯ್', ಕೊನೆಗೆ ಅಳುವೋ ನಗುವೋ ಗೊತ್ತಾಗದ ಒಂದು ಎಳೆತ. ಆ ಕೂಗಿನಲ್ಲಿ ಖುಷಿಯೂ ಇದೆ ಸಂಕಟವೂ ಇದೆ. ಪಕ್ಕದ ಮನೆಯ ಮೆಕ್ಸಿಕನ್ ಅಜ್ಜ ಹಾಡು ಕೇಳುತ್ತಾ ಒಂದು ಗ್ರಿತೋ ಹಾಕಿದರೆ ನಮ್ಮ ನಾಯಿ ಎದ್ದು ನಿಲ್ಲುತ್ತದೆ. ಅದರ ಮುಂದೆ ಈ ಯೀಹಾ ಬರೀ ಸಕ್ಕರೆ ಪಾಕ.

ಇನ್ನೊಂದು. ಸಿನಿಮಾದ ಕೌಬಾಯ್ ಬಹುಮಟ್ಟಿಗೆ ಬಿಳಿಯ. ನಿಜವಾದ ಮಂದೆಗಳ ಹಿಂದೆ ನಾಲ್ವರಲ್ಲಿ ಒಬ್ಬ ಕರಿಯನಿದ್ದ ಅನ್ನುವುದು ಇತಿಹಾಸಕಾರರ ಅಂದಾಜು.

ಹಳದಿ ಟೋಪಿ
ಇದಕ್ಕೆ ಸೇರಿಸುತ್ತೇನೆ. 2018ರ ಸುಮಾರಿಗೆ ಅಮೆರಿಕದ ಕರಿಯ ಯುವಕ ಯುವತಿಯರು ಕೌಬಾಯ್ ವೇಷ ನಮ್ಮದೂ ಹೌದು ಅಂತ ಫೋಟೋ ಹಾಕಲು ಶುರು ಮಾಡಿದರು. ಅದಕ್ಕೆ ಬಂದ ಹೆಸರೇ 'ಯೀಹಾ ಅಜೆಂಡಾ'. ಮರುವರ್ಷ ಲಿಲ್ ನ್ಯಾಸ್ ಎಕ್ಸ್ ಅನ್ನುವ ಕರಿಯ ಗಾಯಕನ ಕುದುರೆ ಹಾಡನ್ನು, ಹಾಡುಗಳಿಗೆ ವಾರವಾರ ಸ್ಥಾನ ಕೊಡುವ ಬಿಲ್‌ಬೋರ್ಡ್ ಪತ್ರಿಕೆಯವರು ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿದರು, ಅದು ದೊಡ್ಡ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. 2024ರಲ್ಲಿ ಗಾಯಕಿ ಬಿಯಾನ್ಸೆ ಕಂಟ್ರಿ ಧಾಟಿಯ ಆಲ್ಬಂ ಹಿಡಿದು ಬಂದಳು, ಅವಳು ಹೂಸ್ಟನ್‌ನಲ್ಲೇ ಹುಟ್ಟಿದವಳು. ಅಂದರೆ ಈ ಪದ ಈಗ ಬರೀ ಹಳ್ಳಿ ತಮಾಷೆಯಲ್ಲ, ಸ್ವಲ್ಪ ಹಕ್ಕಿನ ಮಾತೂ ಆಗಿದೆ.

ನನ್ನ ವಯಸ್ಸಿನವರು ಬಾಯಲ್ಲಿ ಹೇಳುವುದಕ್ಕಿಂತ ಆ ಟೋಪಿ ಹಾಕಿದ ಹಳದಿ ಮುಖ ಹಾಕುವುದೇ ಜಾಸ್ತಿ. 2016ರಲ್ಲಿ ಬಂದ ಎಮೋಜಿ ಅದು. ಒಳಗೆ ಹೊಟ್ಟೆ ಉರಿಯುತ್ತಿರುವಾಗ ಹಲ್ಲು ಕಿರಿಯುವುದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆ ಶನಿವಾರದ ಮೆಸೇಜಿಗೆ ನೀವು ಅದನ್ನು ಹಾಕಬೇಕಿತ್ತು ಅಕ್ಕ.

ಮೇಷ್ಟ್ರಲ್ಲದ ಮೇಷ್ಟ್ರು
ಈ ಕೂಗನ್ನು ಕೆಲವರು ಅಂತರ್ಯುದ್ಧದ 'ರೆಬೆಲ್ ಯೆಲ್'ಗೂ ಗಂಟು ಹಾಕುತ್ತಾರೆ. 1861ರಿಂದ 65ರವರೆಗೆ ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಸೈನಿಕರು ನುಗ್ಗುವಾಗ ಹಾಕುತ್ತಿದ್ದ ಕೂಗು ಅದು. 1930ರ ದಶಕದಲ್ಲಿ ಆ ಮುದುಕರನ್ನು ಮೈಕಿನ ಮುಂದೆ ನಿಲ್ಲಿಸಿ ಕೂಗಿಸಿ ಚಿತ್ರ ತೆಗೆದಿದ್ದಾರೆ, ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಕೇಳಿ ನೋಡಿ. ಅದು ಯೀಹಾ ಅಲ್ಲವೇ ಅಲ್ಲ. ಸಣ್ಣ ದನಿಯಲ್ಲಿ ಒಡೆದೊಡೆದು ಬರುವ ಊಳು, ನರಿ ಕೂಗಿದ ಹಾಗೆ. ಎಂಬತ್ತು ತೊಂಬತ್ತು ದಾಟಿದ ಮುದುಕರ ಗಂಟಲಲ್ಲೂ ಮೈ ಜುಂ ಅನ್ನುತ್ತದೆ. ಆದರೂ ಜನರ ಮನಸ್ಸಿನಲ್ಲಿ ಎರಡೂ ಅಂಟಿಕೊಂಡಿವೆ, ಅದಕ್ಕೇ ಕೆಲವರಿಗೆ ಯೀಹಾ ಕೇಳಿದರೆ ಕಸಿವಿಸಿ.

ರಾಜಕೀಯದಲ್ಲೂ ಹಾಗೇ. ಬುಷ್ ಕಾಲದಲ್ಲಿ ಇರಾಕ್ ಯುದ್ಧ ಬೇಡ ಅನ್ನುವವರು ಕಾರಿನ ಹಿಂದೆ ಒಂದು ಸ್ಟಿಕ್ಕರ್ ಅಂಟಿಸುತ್ತಿದ್ದರು: ಯೀಹಾ ಅನ್ನುವುದು ವಿದೇಶಾಂಗ ನೀತಿಯಲ್ಲ. ಅಲ್ಲಿ ಯೀಹಾ ಅಂದರೆ ಹಿಂದೆ ಮುಂದೆ ನೋಡದೆ ನುಗ್ಗುವುದು. ಅದಕ್ಕೂ ಮೊದಲು, 1964ರಲ್ಲೇ ನಿರ್ದೇಶಕ ಕುಬ್ರಿಕ್ ತನ್ನ 'ಡಾ. ಸ್ಟ್ರೇಂಜ್‌ಲವ್' ಸಿನಿಮಾದಲ್ಲಿ ಒಬ್ಬ ಪೈಲಟ್‌ನನ್ನು ಅಣುಬಾಂಬಿನ ಮೇಲೆ ಕೂರಿಸಿ, ಕೈಯಲ್ಲಿ ಕೌಬಾಯ್ ಟೋಪಿ ಕೊಟ್ಟು, ಕೇಕೆ ಹಾಕಿಸುತ್ತಾ ಕೆಳಗೆ ಬೀಳಿಸಿದ್ದ. ಆ ಪಾತ್ರ ಮಾಡಿದ ಸ್ಲಿಮ್ ಪಿಕನ್ಸ್ ಮೊದಲು ನಿಜವಾದ ರೋಡಿಯೋದಲ್ಲಿ ಹೋರಿಗಳ ಮುಂದೆ ವಿದೂಷಕನ ಕೆಲಸ ಮಾಡಿದವನು. ಅದಕ್ಕೇ ಆ ಕೂಗು ಅಷ್ಟು ಸಲೀಸಾಗಿ ಬಂದಿದೆ.

ಒರ್ಲ್ಯಾಂಡೊ ದಾರಿ
ಗಂಭೀರ ಆಯಿತು, ನಾನೊಂದು ಹಗುರದ್ದು ಹೇಳುತ್ತೇನೆ. ಫ್ಲಾರಿಡಾದಲ್ಲಿ 'ಯೀಹಾ ಜಂಕ್ಷನ್' ಅಂತಲೇ ಒಂದು ಊರಿದೆ. ಊರು ಅಂದರೆ ಎರಡು ರಸ್ತೆ ಸೇರುವ ಜಾಗ, ಟರ್ನ್‌ಪೈಕ್ ಅನ್ನುವ ಸುಂಕದ ಹೆದ್ದಾರಿಯಿಂದ ಇಳಿದರೆ ಸಿಗುತ್ತದೆ. ಮುಂಚೆ ಅದರ ಹೆಸರು 'ಜ್ಯಾಕಸ್ ಕ್ರಾಸಿಂಗ್', ಅಂದರೆ ಕತ್ತೆ ದಾಟುವ ಜಾಗ. 1950ರ ದಶಕದಲ್ಲಿ ಹೆದ್ದಾರಿ ಬಂದಾಗ ಬೋರ್ಡಿನಲ್ಲಿ ಆ ಹೆಸರು ಹಾಕಲು ನಾಚಿಕೆಯಾಗಿ ಬದಲಾಯಿಸಿದರು. ಕತ್ತೆಯ ಕೂಗಿಗೆ ಇಂಗ್ಲಿಷಿನಲ್ಲಿ 'ಹೀ-ಹಾ' ಅನ್ನುತ್ತಾರೆ, ಅದರಿಂದಲೇ ಬಂತು ಅಂತ ಒಂದು ಕಥೆ. ಅಲ್ಲ, ಅಲ್ಲಿನ ಮೂಲನಿವಾಸಿಗಳು ತೋಳಕ್ಕೆ 'ಯಾಹಾ' ಅನ್ನುತ್ತಾರೆ, ಅದರಿಂದ ಅಂತ ಇನ್ನೊಂದು ಕಥೆ. ಕತ್ತೆಯೋ ತೋಳವೋ, ಯಾವುದು ಬೇಕೋ ಆರಿಸಿಕೊಳ್ಳಿ. ಅಲ್ಲಿ ಒಂದು ಹಳೆಯ ಹೋಟೆಲಿತ್ತು, ಡೆಸರ್ಟ್ ಇನ್ ಅಂತ. 2019ರ ಡಿಸೆಂಬರಿನಲ್ಲಿ ಲಾರಿ ನುಗ್ಗಿ ಅದೂ ಒಡೆದುಹೋಯಿತು.

ಮತ್ತೆ ಫ್ಲಾರಿಡಾ ಅಂದರೆ ಬರೀ ಸಮುದ್ರ ಅಲ್ಲ ಮಾರಾಯ್ರೆ, ದನದ ನಾಡು. ಡಿಸ್ನಿಯವರು ಬರುವುದಕ್ಕೆ ಎಷ್ಟೋ ಮುಂಚೆ, 1944ರಿಂದಲೇ ಕಿಸಿಮಿಯಲ್ಲಿ ರೋಡಿಯೋ ನಡೆಯುತ್ತಿದೆ.

ಕಟ್ಟೆ ರಾಯರು
ಕತ್ತೆ ಅಂದ ಮೇಲೆ ನೆನಪಾಯಿತು, 'ಹೀ ಹಾ' ಅಂತಲೇ ಒಂದು ಟಿವಿ ಕಾರ್ಯಕ್ರಮ ಇತ್ತಲ್ಲ, ಮಗನ ಮನೆಗೆ ಹೋದಾಗ ಹಳೆಯದನ್ನು ಹಾಕಿದ್ದರು. ಜೋಳದ ಹೊಲ, ಜೋಕು, ಬ್ಯಾಂಜೋ. ನನಗೆ ಅರ್ಧ ಜೋಕು ಅರ್ಥವಾಗಲಿಲ್ಲ, ಅರ್ಥವಾದ ಅರ್ಧಕ್ಕೆ ನಗು ಬರಲಿಲ್ಲ.

ಡಲ್ಲಾಸ್ ಹಳಬ
ಹೌದು ರಾಯರೇ. 1969ರಲ್ಲಿ ಸಿಬಿಎಸ್‌ನಲ್ಲಿ ಶುರುವಾಯಿತು. ಎರಡೇ ವರ್ಷಕ್ಕೆ ಚಾನೆಲಿನವರು ಪಟ್ಟಣದ ನೋಡುಗರು ಬೇಕು ಅಂತ ಹಳ್ಳಿ ಕಾರ್ಯಕ್ರಮಗಳನ್ನೆಲ್ಲ ಒಟ್ಟಿಗೆ ಕಿತ್ತು ಹಾಕಿದರು. ಇವರು ಬಿಡಲಿಲ್ಲ, ಊರೂರಿನ ಸ್ಟೇಷನ್‌ಗಳಿಗೆ ನೇರ ಮಾರಿಕೊಂಡು ಇನ್ನೂ ಇಪ್ಪತ್ತು ವರ್ಷ ಓಡಿಸಿದರು. ಹಳ್ಳಿಯವರಿಗೆ ತಮ್ಮ ಮೇಲಿನ ಜೋಕು ತಾವೇ ಮಾಡಿದರೆ ಇಷ್ಟ.

ಸಬ್‌ಟೈಟಲ್ ಸುಬ್ಬಿ
ಬಂದೆ. ಈಗ ನನ್ನ ಗೋಳು ಕೇಳಿ. ಕನ್ನಡದಲ್ಲಿ ಇದಕ್ಕೆ ಏನು ಹಾಕುವುದು? 'ಹುರ್ರೇ' ಹಾಕಿದರೆ ಶಾಲೆಯ ಕ್ರೀಡಾಕೂಟ. 'ಭಲೇ' ಹಾಕಿದರೆ ನಾಟಕ ಕಂಪನಿ. 'ಶಭಾಷ್' ಅಂದರೆ ಬೇರೆಯವರಿಗೆ ಹೇಳಿದ ಹಾಗೆ. ಯೀಹಾ ತನ್ನ ಖುಷಿಗೆ ತಾನೇ ಕೂಗುವುದು, ಯಾರಿಗೂ ಹೇಳುವುದಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು 'ಕೇಕೆ'. ಆದರೆ ಕೇಕೆ ಕೂಗಿನ ಹೆಸರು, ಕೂಗು ಅಲ್ಲ. 'ಕೇಕೆ ಹಾಕಿದ' ಅಂತ ಕಥೆಯಲ್ಲಿ ಬರೆಯಬಹುದು, ಪಾತ್ರದ ಬಾಯಲ್ಲಿ 'ಕೇಕೆ!' ಅಂತ ಇಡಲಾಗುತ್ತದಾ? ಅದಕ್ಕೆ ನನ್ನ ಲೆಕ್ಕ ಹೀಗೆ. ಓದುವ ಅನುವಾದವಾದರೆ ಕೇಕೆ ಹಾಕಿದ ಅಂತ ಬರೆಯುತ್ತೇನೆ. ಡಬ್ಬಿಂಗ್ ಆದರೆ ತುಟಿ ನೋಡುತ್ತೇನೆ. 'ಯೀ' ಅಂದಾಗ ತುಟಿ ಅಗಲ, 'ಹಾ' ಅಂದಾಗ ದವಡೆ ಕೆಳಗೆ. 'ಹೋಯ್' ಹಾಕಿದರೆ ತುಟಿ ದುಂಡಗಾಗಿ ಕೆಡುತ್ತದೆ. ಹಾಗಾಗಿ ಯೀಹಾ ಅಂತಲೇ ಬಿಡುತ್ತೇನೆ. ವ್ಯಂಗ್ಯದ ಯೀಹಾ ಆದರೆ ಮಾತ್ರ ಧೈರ್ಯವಾಗಿ ಬದಲಾಯಿಸುತ್ತೇನೆ. ಹೋದ ತಿಂಗಳು ಒಂದು ಕಡೆ 'ಆಯ್ತು, ಹೋಳಿಗೆ ಊಟ' ಅಂತ ಹಾಕಿದೆ, ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು.

ಕಂಬಳದ ಕೆರೆ
ಕೇಕೆ ಸರಿ ಮೇಡಂ, ಆದರೆ ನಮ್ಮ ಕಂಬಳಕ್ಕೆ ಬನ್ನಿ. ಕೋಣ ಗದ್ದೆಯಲ್ಲಿ ಬರುವಾಗ ಎರಡೂ ಬದಿಯಲ್ಲಿ ಏಳುವ 'ಓಓಓ' ಇದೆಯಲ್ಲ, ಅದಕ್ಕೆ ಕಾಗುಣಿತ ಯಾರೂ ಬರೆದಿಲ್ಲ. ಬರೆಯದೇ ಇದ್ದದ್ದಕ್ಕೇ ಅದು ಇನ್ನೂ ಕೋಣದ ಹಿಂದೆಯೇ ಓಡುತ್ತಿದೆ. ಯೀಹಾಗೆ ಕಾಗುಣಿತ ಬಂತು, ಟೀಶರ್ಟಿನ ಮೇಲೆ ಹೋಯಿತು. ನಿಮಗೆ ಅನುವಾದಕ್ಕೆ ಸುಲಭವಾಯಿತು, ಅಷ್ಟೇ.

ಸಬ್‌ಟೈಟಲ್ ಸುಬ್ಬಿ
ಈ ಮಾತು ನಾನು ಕದಿಯುತ್ತೇನೆ ಮಾರಾಯ್ರೆ, ಮೊದಲೇ ಹೇಳಿಬಿಟ್ಟೆ.

ಹೂಸ್ಟನ್ ಅಮ್ಮ
ಅಬ್ಬಾ, ಒಂದು ಪದ ಕೇಳಿದ್ದಕ್ಕೆ ಇಷ್ಟು! ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಆಯಿತು. ಮಗ ಕೌಬಾಯ್ ಆಗಿ ಹೋದ, ಟೋಪಿ ದೊಡ್ಡದಾಗಿ ಕಣ್ಣು ಮುಚ್ಚುತ್ತಿತ್ತು. ಶಾಲೆಯ ಬಾಗಿಲಲ್ಲಿ ಟೀಚರ್ ಯೀಹಾ ಅಂದರು, ನಾನೂ ಅಂದೆ. 'ಹಾ' ದುಂಡಗೆ ಮಾಡಿದ್ದೆ, ಸುಬ್ಬಿಯವರ ದಯೆ.

ಆದರೆ ಕಥೆ ಅದಲ್ಲ. ಶನಿವಾರ ಕೆಲಸ ಮುಗಿಸಿ ಸಂಜೆ ಪಕ್ಕದ ಊರಿನ ಒಂದು ಸಣ್ಣ ರೋಡಿಯೋಗೆ ಹೋಗಿದ್ದೆವು. ಅಲ್ಲಿ ದೊಡ್ಡವರಿಗೆ ಹೋರಿ, ಎಂಟು ಸೆಕೆಂಡ್ ಒಂದೇ ಕೈಯಲ್ಲಿ ಹಿಡಿದು ಕೂರಬೇಕು. ಪುಟ್ಟ ಮಕ್ಕಳಿಗೆ ಕುರಿ! ಹೆಲ್ಮೆಟ್ ಹಾಕಿ, ಎದೆಗೆ ಕವಚ ಕಟ್ಟಿ, ಕುರಿಯ ಬೆನ್ನ ಮೇಲೆ ಮಲಗಿಸಿದ ಹಾಗೆ ಕೂರಿಸಿ ಬಿಟ್ಟುಬಿಡುತ್ತಾರೆ. ನಮ್ಮವನು ಹಟ ಮಾಡಿ ಹೋದ. ಗೇಟು ತೆಗೆದದ್ದೇ ತಡ ಸುತ್ತ ಎಲ್ಲರೂ ಯೀಹಾ, ವೂ, ಸಿಳ್ಳೆ. ನಾನು ಕೂಗಬೇಕು ಅಂತ ತಯಾರಾಗಿಯೇ ಹೋಗಿದ್ದವಳು. ಬಾಯಿಂದ ಬಂದದ್ದು ಮಾತ್ರ 'ಹಿಡ್ಕೊಳೋ! ಬಿಡ್ಬೇಡ್ವೋ, ಹಿಡ್ಕೊಳೋ!' ಇಡೀ ಬಯಲಿಗೆ ಕೇಳಿಸಿತು ಅಂತ ಯಜಮಾನರು ಇನ್ನೂ ಆಡಿಕೊಳ್ಳುತ್ತಿದ್ದಾರೆ. ಮುಂದಿನ ಸಾಲಿನ ಟೋಪಿ ತಾತ ತಿರುಗಿ ನೋಡಿ, ಅದು ನಿಮ್ಮ ಕಡೆಯ ಯೀಹಾನಾ ಅಂತ ಕೇಳಿದರು. ಹೌದು ಅಂದುಬಿಟ್ಟೆ. ಮುಂದಿನ ಮಗು ಬಂದಾಗ ತಾತನೂ 'ಇಡ್ಕೋಲೋ' ಅಂತ ಕೂಗಿದರು.

ಎಡಗೋಲು ಎತ್ತು
ಮಗ ಕುರಿ ಮೇಲೆ ಎಷ್ಟು ಹೊತ್ತು ಇದ್ದ ಮೇಡಂ?

ಹೂಸ್ಟನ್ ಅಮ್ಮ
ಮೂರು ಸೆಕೆಂಡ್. ಮನೆಯಲ್ಲಿ ಎಂಟು ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ.